ನೀರಿಲ್ಲದ ಜಲವರ್ಣ

ಪಟ್ಟಣವಾಸಿಗಳ ಮನೆಯಲ್ಲಿ ಬಣ್ಣದ ಪೆಟ್ಟಿಗೆಯ ಆಯುಸ್ಸು ಬಲು ಅಲ್ಪ. ಮಗುವಿನ ಹುಟ್ಟುಹಬ್ಬಕ್ಕೆ ಯಾರೋ ಬಂಧುಗಳು ತಂದುಕೊಡುತ್ತಾರೆ. ಎರಡು ದಿನ ಮನೆಯೆಲ್ಲ ಸಂಭ್ರಮ. ಮೂರನೆಯ ದಿನ ಲೋಟದ ನೀರು ನೆಲಕ್ಕೆ ಚೆಲ್ಲುತ್ತದೆ. ನಾಲ್ಕನೆಯ ದಿನ ಸೋಫಾದ ಗವುಸಿನ ಮೇಲೆ ನೀಲಿಯ ಕಲೆಯೊಂದು ಕಾಣಿಸಿಕೊಳ್ಳುತ್ತದೆ. ಐದನೆಯ ದಿನ ಪೆಟ್ಟಿಗೆ ಅಟ್ಟ ಸೇರುತ್ತದೆ. ಅದರೊಡನೆ ಆ ಮಗುವಿನಲ್ಲಿದ್ದ ಚಿತ್ರಕಾರನೂ ಅಟ್ಟ ಸೇರುತ್ತಾನೆ. ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆ ಹೊಲಗದ್ದೆಗಳ ನಡುವೆ ಹುಟ್ಟಿದ್ದು. ಎರಡು ಕೋಣೆಯ ಫ್ಲಾಟಿನಲ್ಲಿ ಕೆಸರಿಗೆ ಎಡೆಯೆಲ್ಲಿ?

ಈ ತೊಡಕಿಗೆ ಕಂಪ್ಯೂಟರು ಒಂದು ಪರಿಹಾರವನ್ನು ಒದಗಿಸಿದೆ. ಪರದೆಯ ಮೇಲೆ ಜಲವರ್ಣದಂತೆ ಹರಡುವ, ತೈಲವರ್ಣದಂತೆ ದಪ್ಪನಾಗಿ ಕುಳಿತುಕೊಳ್ಳುವ, ಇದ್ದಿಲಿನಂತೆ ಕಾಗದದ ತರಿಗೆ ಅಂಟುವ ಬಣ್ಣಗಳನ್ನು ಕೊಡುವ ತಂತ್ರಾಂಶಗಳು ಈಗ ಹಲವು ಇವೆ. ನೀರು ಬೇಡ, ಚಿಂದಿ ಬೇಡ, ಕಲೆಯ ಭಯವಿಲ್ಲ. ಆದರೆ ಹೊಸದಾಗಿ ಕೈಹಾಕಿದವರಲ್ಲಿ ಅನೇಕರು ಹದಿನೈದು ದಿನದೊಳಗಾಗಿ ಇದನ್ನೂ ಅಟ್ಟಕ್ಕೆ ಏರಿಸುತ್ತಾರೆ. ಹಾಗೇಕೆ ಆಗುತ್ತದೆ, ಆಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದನ್ನು ತಿಳಿಯುವುದಕ್ಕೆ ಬೆಂಗಳೂರಿನ ಒಂದು ಮನೆಯ ವೃತ್ತಾಂತ ಉಪಯೋಗಕ್ಕೆ ಬಂದೀತು.

ಆ ಮನೆಯ ಹಿರಿಯರು ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟರಾಗಿದ್ದು ನಿವೃತ್ತರಾದವರು. ಜಲವರ್ಣವೆಂದರೆ ಅವರಿಗೆ ಪ್ರಾಣ. ಕೆ. ವೆಂಕಟಪ್ಪನವರು ಬರೆದ ಊಟಿಯ ದೃಶ್ಯಗಳನ್ನು ತಾರುಣ್ಯದಲ್ಲಿ ಕಂಡಂದಿನಿಂದ, ಮಂಜನ್ನು ಕಾಗದದ ಮೇಲೆ ತರುವುದೊಂದೇ ಅವರ ಹಂಬಲವಾಗಿತ್ತು. ನಾಲ್ಕು ವರ್ಷಗಳ ಹಿಂದೆ ಬಲಗೈ ನಡುಗಲಾರಂಭಿಸಿತು. ಪ್ರಾಣಕ್ಕೇನೂ ಅಪಾಯವಿಲ್ಲವೆಂದು ವೈದ್ಯರು ಧೈರ್ಯ ಹೇಳಿದರು. ಕುಂಚಕ್ಕೆ ಅಪಾಯವಿದೆಯೇ ಎಂದು ಇವರು ಕೇಳಲಿಲ್ಲ. ಒಂದು ದಿನ ಮುಗಿಯುತ್ತ ಬಂದಿದ್ದ ಚಿತ್ರದ ಆಕಾಶದ ಮೇಲೆ ಕುಂಚದಿಂದ ತೊಟ್ಟೊಂದು ಕಪ್ಪು ನೀರು ಉದುರಿತು. ಮರುದಿನ ತಮ್ಮ ಕುಂಚಗಳನ್ನೆಲ್ಲ ಹಳೆಯ ಶಿಷ್ಯನೊಬ್ಬನಿಗೆ ಕೊಟ್ಟುಬಿಟ್ಟು, ಮಗಳ ಮನೆಯಲ್ಲಿ ದಿನಪತ್ರಿಕೆ ಓದುತ್ತ ಕುಳಿತರು.

ಮೊಮ್ಮಗಳು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿನಿ. ತನ್ನ ಓದಿನ ಬರವಣಿಗೆಗೆಂದು ಆಕೆ ಒಂದು ಪೆನ್ ಟ್ಯಾಬ್ಲೆಟ್ ಕೊಂಡು ತಂದಿದ್ದಳು. ಕರಿಯ ಹಲಗೆ, ಮಸಿಯಿಲ್ಲದ ಲೇಖನಿ. ಒಂದು ಸಂಜೆ ಅದನ್ನು ತಾತನ ಮುಂದಿಟ್ಟಳು.

"ಒಂದು ಗೆರೆ ಎಳೆದು ನೋಡಿ, ತಾತ."

ಮೇಷ್ಟರು ಎಳೆದರು. "ಏನೂ ಮೂಡಲಿಲ್ಲವಲ್ಲ, ಪುಟ್ಟಿ?"

"ಹಲಗೆ ನೋಡಬೇಡಿ. ಪರದೆ ನೋಡಿ."

ಮೊದಲ ತೊಡಕು ಇದೇ. ಕೈಯಿರುವ ಕಡೆ ಕಣ್ಣಿಲ್ಲ, ಕಣ್ಣಿರುವ ಕಡೆ ಕೈಯಿಲ್ಲ. ಕಾಗದದ ಮೇಲೆ ಕುಂಚದ ತುದಿಯನ್ನೇ ದಿಟ್ಟಿಸಿ ಬೆಳೆದವರಿಗೆ ಇದು ಕನ್ನಡಿಯೊಳಗೆ ನೋಡಿಕೊಂಡು ಕೈಯಿಂದ ಅಕ್ಷರ ತಿದ್ದಿದಂತೆ ಆಗುತ್ತದೆ. ಹಾರ್ಮೋನಿಯಂ ನುಡಿಸುವವನು ಮೊದಲಲ್ಲಿ ಮನೆಗಳನ್ನು ನೋಡುತ್ತಾನೆ, ಅನಂತರ ನೋಡದೆಯೇ ನುಡಿಸುತ್ತಾನೆ, ಇಲ್ಲಿಯೂ ಹಾಗೆಯೇ. ಬಹುಮಂದಿ ಈ ಮೊದಲ ವಾರದಲ್ಲಿಯೇ ಸೋತು ಕೈಬಿಡುತ್ತಾರೆ. ಆ ವಾರ ಚಿತ್ರ ಬರೆಯುವ ಆಸೆಯನ್ನು ಬದಿಗಿಟ್ಟು, ಬರಿಯ ಗೆರೆ, ಸುಳಿ, ವೃತ್ತಗಳನ್ನು ತಿದ್ದುವುದು ಮೇಲು.

ವೃತ್ತ ತಿದ್ದುವುದರಿಂದ ಇನ್ನೊಂದು ಲಾಭವೂ ಉಂಟು. ಮೇಷ್ಟರು ಎಷ್ಟು ಜೋಪಾನವಾಗಿ ಸುತ್ತಿದರೂ ಅವರ ವೃತ್ತ ಕೋಳಿಯ ಮೊಟ್ಟೆಯಾಗುತ್ತಿತ್ತು. ತಪ್ಪು ಕೈಯದೆಂದು ಅವರು ನೊಂದುಕೊಂಡರು. ಮೊಮ್ಮಗಳು ಪರೀಕ್ಷಿಸಿದಾಗ ತಪ್ಪು ಹಲಗೆಯ ಏರ್ಪಾಟಿನಲ್ಲಿತ್ತು. ಹಲಗೆಯ ಉದ್ದಗಲಗಳ ಪ್ರಮಾಣವೂ ಪರದೆಯ ಉದ್ದಗಲಗಳ ಪ್ರಮಾಣವೂ ಒಂದೇ ಆಗಿರಬೇಕು. ಇಲ್ಲವಾದರೆ ಕೈ ದುಂಡಗೆ ಹೋದರೂ ಗೆರೆ ದುಂಡಗೆ ಬಾರದು. ಅದನ್ನು ಸರಿಪಡಿಸಿದ ಮೇಲೆ ವೃತ್ತ ವೃತ್ತವಾಯಿತು. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಒಮ್ಮೊಮ್ಮೆ ನೆಲವೂ ನಿಜವಾಗಿ ಡೊಂಕಾಗಿರುತ್ತದೆ.

ಲೇಖನಿಯ ಮರ್ಮವೂ ತಿಳಿದಿರಬೇಕಾದದ್ದೇ. ಇಂಥ ಅನೇಕ ಲೇಖನಿಗಳಲ್ಲಿ ಬ್ಯಾಟರಿ ಇರುವುದಿಲ್ಲ. ಹಲಗೆ ಹೊರಸೂಸುವ ಅಯಸ್ಕಾಂತ ಕ್ಷೇತ್ರಕ್ಕೆ ಲೇಖನಿಯೊಳಗಿನ ತಂತಿಯ ಸುರುಳಿ ಸ್ಪಂದಿಸುತ್ತದೆ. ಆ ಪ್ರತಿಸ್ಪಂದನದಿಂದ ಲೇಖನಿ ಎಲ್ಲಿದೆ, ಎಷ್ಟು ಒತ್ತಿದೆ ಎಂಬುದು ಹಲಗೆಗೆ ತಿಳಿಯುತ್ತದೆ. ೧೯೮೩ರಲ್ಲಿ ಜಪಾನಿನಲ್ಲಿ ಆರಂಭವಾದ ವಾಕಮ್ ಸಂಸ್ಥೆ ಈ ವಿದ್ಯೆಯಿಂದಲೇ ಹೆಸರಾಯಿತು. ಇಂದಿನ ಅನೇಕ ಹಲಗೆಗಳು ಕೈಯ ಒತ್ತಡವನ್ನು ೮೧೯೨ ಮಟ್ಟಗಳಾಗಿ ಅಳೆಯುತ್ತವೆ. ಹಗುರವಾಗಿ ಸೋಕಿಸಿದರೆ ಕೂದಲೆಳೆಯ ಗೆರೆ, ಒತ್ತಿದರೆ ದಪ್ಪ ಗೆರೆ. ಕೆಲವರದು ಭಾರವಾದ ಕೈ, ಕೆಲವರದು ಹಗುರ. ಅವರವರ ಕೈಗೆ ತಕ್ಕಂತೆ ಒತ್ತಡದ ಪ್ರಮಾಣವನ್ನು ತಂತ್ರಾಂಶದಲ್ಲಿಯೇ ಹೊಂದಿಸಿಕೊಳ್ಳಬಹುದು. ಕುಂಚ ಹಿಡಿಯುವ ಮೊದಲು ಹತ್ತು ನಿಮಿಷ ಇದಕ್ಕೆ ಕೊಟ್ಟವನು ಹತ್ತು ದಿನದ ಬೇಸರವನ್ನು ಉಳಿಸಿಕೊಳ್ಳುತ್ತಾನೆ.

ಮೊಮ್ಮಗಳು ಮೊದಲು ಹಾಕಿಕೊಟ್ಟದ್ದು 'ಕ್ರಿಟ' ಎಂಬ ತಂತ್ರಾಂಶ. ಯಾರು ಬೇಕಾದರೂ ಬೆಲೆ ಕೊಡದೆ ಪಡೆದು ಬಳಸಬಹುದಾದದ್ದು. ಸ್ವೀಡನ್ನಿನ ಭಾಷೆಯಲ್ಲಿ ಆ ಮಾತಿಗೆ ಸೀಮೆಸುಣ್ಣವೆಂದು ಅರ್ಥ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಮೇಷ್ಟರಿಗೆ ಆ ಹೆಸರು ಕೇಳಿಯೇ ಅರ್ಧ ವಿಶ್ವಾಸ ಬಂತು. ಆದರೆ ತೆರೆದು ನೋಡಿದರೆ ನೂರಕ್ಕೂ ಹೆಚ್ಚು ಕುಂಚಗಳು! ಮೈಸೂರು ಶೈಲಿಯ ಹಳೆಯ ಚಿತ್ರಕಾರರು ಹುಣಿಸೆಯ ಕಡ್ಡಿಯನ್ನು ಸುಟ್ಟು ಇದ್ದಿಲು ಮಾಡಿಕೊಳ್ಳುತ್ತಿದ್ದರು, ಅಳಿಲಿನ ಕೂದಲಿನಿಂದ ಕುಂಚ ಕಟ್ಟಿಕೊಳ್ಳುತ್ತಿದ್ದರು. ಸಾಮಗ್ರಿಯನ್ನು ಸಿದ್ಧಪಡಿಸುವುದರಲ್ಲೇ ಕೈ ಅರ್ಧ ಪಳಗುತ್ತಿತ್ತು. ಇಲ್ಲಿ ಮೊದಲ ನಿಮಿಷದಲ್ಲಿಯೇ ಎಲ್ಲವೂ ಕೈಗೆ ಬಂದುಬಿಡುತ್ತದೆ. ಬಂದದ್ದರಿಂದಲೇ ಕೈ ಕೆಡುತ್ತದೆ. ಒಂದೊಂದು ಕುಂಚವನ್ನೂ ಎರಡೆರಡು ಗೆರೆ ಎಳೆದು ನೋಡುವುದರಲ್ಲಿ ಸಂಜೆ ಕಳೆಯುತ್ತದೆ.

ಮೇಷ್ಟರು ಶಾಲೆಯ ಮೇಷ್ಟರೇ ತಾನೆ? "ಮೂರು ಸಾಕು. ಒಂದು ಪೆನ್ಸಿಲು, ಒಂದು ಅಗಲದ ಕುಂಚ, ಒಂದು ಸಣ್ಣದು. ಉಳಿದದ್ದನ್ನು ನನ್ನ ಕಣ್ಣಿಗೆ ಬೀಳದ ಹಾಗೆ ಇಡು," ಎಂದು ಅಪ್ಪಣೆ ಮಾಡಿದರು. ಕಾಗದದ ಅಳತೆಯನ್ನೂ ಗೊತ್ತುಮಾಡಿಕೊಂಡರು: ಎ-೪ ಹಾಳೆಯಷ್ಟು, ಅಚ್ಚು ಹಾಕಿಸಿದರೆ ಮಸುಕಾಗದಂತೆ ಅಂಗುಲಕ್ಕೆ ೩೦೦ ಚುಕ್ಕೆ; ಎಂದರೆ ಅಗಲಕ್ಕೆ ೨೪೮೦, ಉದ್ದಕ್ಕೆ ೩೫೦೮ ಚುಕ್ಕೆಗಳು. 'ಲೇಯರ್' ಎಂಬ ಪಾರದರ್ಶಕ ಪದರಗಳನ್ನು ಎಷ್ಟು ಬೇಕಾದರೂ ಒಂದರ ಮೇಲೊಂದು ಹಾಸಬಹುದು. ಅವರು ಎರಡೇ ಇಟ್ಟುಕೊಂಡರು: ಕೆಳಗಿನದು ಪೆನ್ಸಿಲಿಗೆ, ಮೇಲಿನದು ಬಣ್ಣಕ್ಕೆ. ಹೊಸಬರು ಇಪ್ಪತ್ತು ಪದರ ಮಾಡಿಕೊಂಡು, ಮರದ ಎಲೆಯನ್ನು ಆಕಾಶದ ಪದರದಲ್ಲಿ ಬರೆದು ಗೋಳಾಡುವುದುಂಟು.

ಇನ್ನು ನಡುಗುವ ಕೈ. ಇದಕ್ಕೊಂದು ಮದ್ದು ಕ್ರಿಟದಲ್ಲಿದೆ. 'ಸ್ಟೆಬಿಲೈಸರ್' ಎಂದು ಹೆಸರು. ಲೇಖನಿಯ ಚಲನೆಯಲ್ಲಿನ ಸಣ್ಣ ಅದುರನ್ನೆಲ್ಲ ಸರಾಸರಿಯಲ್ಲಿ ಕರಗಿಸಿ, ಕೈಗಿಂತ ಚೂರು ಹಿಂದೆ ನಯವಾದ ಗೆರೆಯನ್ನು ಎಳೆಯುತ್ತದೆ. ಮೊಮ್ಮಗಳು ಅದನ್ನು ಪೂರ್ತಿ ಏರಿಸಿಕೊಟ್ಟಳು. ನಾಲ್ಕು ವರ್ಷಗಳ ಮೇಲೆ ಮೊದಲ ಸಲ ಮೇಷ್ಟರ ಕೈಯಿಂದ ಅದುರಿಲ್ಲದ ಗೆರೆ ಹೊರಟಿತು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಮಗಳು ಅಡಿಗೆಮನೆಯಿಂದ ಬಂದು ನೋಡಿ, ಸೆರಗಿನಿಂದ ಕಣ್ಣೊರಸಿಕೊಂಡು, ಕಾಫಿಯ ನೆಪ ಹೇಳಿ ಒಳಕ್ಕೆ ಹೋದಳು.

ನಾಲ್ಕು ದಿನವಾದ ಮೇಲೆ ಮೇಷ್ಟರಿಗೆ ಸಮಾಧಾನ ತಪ್ಪಿತು. ಗೆರೆ ನಯವಾಗಿತ್ತು, ತೀರ ನಯವಾಗಿತ್ತು. "ಇದು ಒಳ್ಳೆಯ ಗೆರೆ ಮಗು, ಆದರೆ ನನ್ನದಲ್ಲ," ಎಂದರು. ಮದ್ದಿನ ಪ್ರಮಾಣವನ್ನು ತಗ್ಗಿಸಿಕೊಂಡರು. ಕಟ್ಟಡದ ಅಂಚಿಗೆ, ದೋಣಿಯ ಬಾಗಿಗೆ ಅದನ್ನು ಹೆಚ್ಚಿಸಿಕೊಳ್ಳುವುದು. ಮರದ ತೊಗಟೆಗೆ, ನೀರಿನ ಅಲೆಗೆ ಪೂರ್ತಿಯಾಗಿ ತೆಗೆದುಬಿಡುವುದು. ಅಲೆಗೆ ನಡುಗುವ ಕೈಯೇ ಅನುಕೂಲವೆಂದು ಅವರು ಕಂಡುಕೊಂಡರು.

ಎರಡನೆಯ ಸಂಕಟ ಇದಕ್ಕಿಂತ ಸೂಕ್ಷ್ಮವಾದದ್ದು. ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಹಿಂದಿನ ಗೆರೆ ಇರಲೇ ಇಲ್ಲವೆಂಬಂತೆ ಮಾಯವಾಗುತ್ತದೆ. ಉದುರಿದ ಕಪ್ಪು ತೊಟ್ಟಿನಿಂದ ಕಲೆಯನ್ನೇ ತೊರೆದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ವರವುಂಟೆ? ಆದರೆ ಒಂದು ವಾರ ಕಳೆದರೂ ಅವರ ಆಕಾಶ ಮುಗಿಯಲಿಲ್ಲ. ಪ್ರತಿ ಸಂಜೆ ಬಳಿಯುವುದು, ಅಳಿಸುವುದು, ಮತ್ತೆ ಬಳಿಯುವುದು. ರಬ್ಬರು ಪೆನ್ಸಿಲಿಗಿಂತ ಮೊದಲು ಸವೆಯಕೂಡದೆಂದು ಮಕ್ಕಳಿಗೆ ಹೇಳಿಕೊಂಡು ಬಂದಿದ್ದವರ ಕೈಯಲ್ಲಿ ಈಗ ಸವೆಯದ ರಬ್ಬರು ಇತ್ತು. ಯಾವ ಗೆರೆಯನ್ನಾದರೂ ಹಿಂದಕ್ಕೆ ಪಡೆಯಬಹುದಾದಾಗ ಯಾವ ಗೆರೆಯನ್ನೂ ನಿರ್ಧಾರದಿಂದ ಎಳೆಯುವ ಅಗತ್ಯ ಉಳಿಯುವುದಿಲ್ಲ. ಕೊನೆಗೆ ಮೊಮ್ಮಗಳಿಗೆ ಹೇಳಿ, ಎಷ್ಟು ಹೆಜ್ಜೆ ಹಿಂದಕ್ಕೆ ಹೋಗಬಹುದೆಂಬ ಲೆಕ್ಕವನ್ನು ಮೂರಕ್ಕೆ ಇಳಿಸಿಸಿಕೊಂಡರು. ತಂತ್ರಾಂಶದಲ್ಲಿ ಅದಕ್ಕೆ ಅವಕಾಶವಿದೆ. ಆಕಾಶ ಎರಡು ಸಂಜೆಗಳಲ್ಲಿ ಮುಗಿಯಿತು.

ಮೂರನೆಯದು ಬಣ್ಣದ ಪ್ರಸಂಗ. ಹುಲ್ಲಿಗೆ ಹಸಿರು ಬೇಕಾಗಿ ಮೇಷ್ಟರು ಪರದೆಯ ಮೇಲಿನ ಹಳದಿಗೆ ನೀಲಿಯನ್ನು ಬೆರೆಸಿದರು. ಬಂದದ್ದು ಬೂದಿಯ ಬಣ್ಣ! "ಮೂರನೆಯ ತರಗತಿಯ ಪಾಠವೂ ಈ ಯಂತ್ರಕ್ಕೆ ಬಾರದಲ್ಲ!" ಎಂದು ಉದ್ಗಾರ ತೆಗೆದರು.

ಯಂತ್ರದ ಲೆಕ್ಕದಲ್ಲಿ ತಪ್ಪಿರಲಿಲ್ಲ. ಪರದೆಯ ಮೇಲಿರುವುದು ಬಣ್ಣವಲ್ಲ, ಬೆಳಕು. ಕೆಂಪು, ಹಸಿರು, ನೀಲಿ ಎಂಬ ಮೂರು ದೀಪಗಳನ್ನು ಸೊನ್ನೆಯಿಂದ ೨೫೫ರವರೆಗೆ ಏರಿಸಿ ಇಳಿಸಿ ಎಲ್ಲ ವರ್ಣಗಳನ್ನೂ ತೋರಿಸಲಾಗುತ್ತದೆ. ಅಪ್ಪಟ ಹಳದಿಯಲ್ಲಿ ಕೆಂಪೂ ಹಸಿರೂ ಪೂರ್ತಿ, ನೀಲಿ ಸೊನ್ನೆ. ಅಪ್ಪಟ ನೀಲಿಯಲ್ಲಿ ನೀಲಿ ಮಾತ್ರ ಪೂರ್ತಿ. ಎರಡರ ಸರಾಸರಿ ತೆಗೆದರೆ ಮೂರೂ ದೀಪಗಳು ಅರ್ಧರ್ಧ ಉರಿದು ಬೂದಿಯ ಬಣ್ಣ ಬಾರದೆ ಬೇರೇನು ಬಂದೀತು? ಬಟ್ಟಲಿನ ಬಣ್ಣದ ರೀತಿಯೇ ಬೇರೆ. ಹಳದಿಯ ಪುಡಿ ನೀಲಿ ಬೆಳಕನ್ನು ನುಂಗುತ್ತದೆ, ನೀಲಿಯ ಪುಡಿ ಕೆಂಪನ್ನು ನುಂಗುತ್ತದೆ; ಎರಡರ ಬಾಯಿಯಿಂದಲೂ ತಪ್ಪಿಸಿಕೊಂಡು ಕಣ್ಣಿಗೆ ಬರುವುದು ಹಸಿರು. ಈ ನುಂಗುವಿಕೆ ಚದರುವಿಕೆಗಳ ಗಣಿತವನ್ನು ಕುಬೆಲ್ಕ ಮತ್ತು ಮುಂಕ್ ಎಂಬ ವಿಜ್ಞಾನಿಗಳು ೧೯೩೧ರಲ್ಲಿಯೇ ಬರೆದಿಟ್ಟಿದ್ದರು. ಚಿತ್ರ ಬರೆಯುವ ತಂತ್ರಾಂಶಗಳು ಸುಲಭವಾಗಿ ಬಳಸಿಕೊಳ್ಳುವಂತೆ ಅದನ್ನು ಹದಗೊಳಿಸಿದವರು ಜೆಕ್ ದೇಶದ ಸಂಶೋಧಕರಾದ ಶಾರ್ಕಾ ಸೊಹೊರೊವಾ ಮತ್ತು ಒಂಡ್ರೆ ಯಮ್ರಿಷ್ಕಾ. ಅದು ೨೦೨೧ರ ಮಾತು. ಸ್ಲೊವಾಕಿಯಾ ದೇಶದಲ್ಲಿ ತಯಾರಾಗುವ 'ರೆಬೆಲ್' ಎಂಬ ತಂತ್ರಾಂಶದ ಮೇಲ್ದರ್ಜೆಯ ಆವೃತ್ತಿ ಕೂಡಲೇ ಆ ವಿದ್ಯೆಯನ್ನು ಅಳವಡಿಸಿಕೊಂಡಿತು.

ರೆಬೆಲ್ ಬೆಲೆ ಕೊಟ್ಟು ಕೊಳ್ಳಬೇಕಾದದ್ದು. ಮೊಮ್ಮಗಳು ರಜೆಯಲ್ಲಿ ದುಡಿದ ಹಣದಿಂದ ಅದನ್ನು ಕೊಂಡು ತಾತನಿಗೆ ಹಾಕಿಕೊಟ್ಟಳು. ಇಲ್ಲಿ ಹಳದಿಗೆ ನೀಲಿ ಸೇರಿಸಿದರೆ ಹಸಿರೇ ಬರುತ್ತಿತ್ತು. ಒದ್ದೆ ಕಾಗದದ ಮೇಲೆ ಇಟ್ಟ ಬಣ್ಣ ತಾನಾಗಿಯೇ ಹರಡುತ್ತಿತ್ತು, ಅಂಚಿನಲ್ಲಿ ಗಾಢವಾಗಿ ಒಣಗುತ್ತಿತ್ತು. ಮೇಷ್ಟರು ಮೈಮರೆತರು, ಎಷ್ಟರಮಟ್ಟಿಗೆಂದರೆ, ಬಣ್ಣ ಕೆಳಕ್ಕೆ ಇಳಿಯಲೆಂದು ಹಳೆಯ ಅಭ್ಯಾಸದಿಂದ ಹಲಗೆಯನ್ನೇ ಎತ್ತಿ ಓರೆಮಾಡಿ ಹಿಡಿದರು. ಮೊಮ್ಮಗಳು ಬಿದ್ದುಬಿದ್ದು ನಕ್ಕಳು. "ಹಲಗೆ ಓರೆ ಮಾಡಬೇಡಿ ತಾತ, ಕಾಗದ ಓರೆ ಮಾಡಿ," ಎಂದು ಪರದೆಯ ಮೇಲಿನ ಸಣ್ಣದೊಂದು ಗುರುತನ್ನು ತೋರಿಸಿದಳು. ಅದನ್ನು ಎಳೆದ ದಿಕ್ಕಿಗೆ ನೀರು ಹರಿಯಿತು.

ಇಲ್ಲಿ ಯೋಚಿಸಬೇಕಾದ ಸಂಗತಿಯೊಂದಿದೆ. ೧೯೬೩ರಲ್ಲಿ ಐವನ್ ಸದರ್ಲೆಂಡ್ ಎಂಬಾತ ಅಮೆರಿಕದ ಎಂ.ಐ.ಟಿ.ಯಲ್ಲಿ ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ರೇಖೆ ಎಳೆದು ತೋರಿಸಿದಾಗ, ಆ ಯಂತ್ರದ ಹೆಮ್ಮೆ ಅದರ ನಿರ್ದುಷ್ಟತೆಯಾಗಿತ್ತು. ಮನುಷ್ಯನ ಓರೆಕೋರೆ ಗೆರೆಯನ್ನು ಅದು ನೇರಗೊಳಿಸುತ್ತಿತ್ತು. ಅನಂತರ ಬಂದವರು ಯಂತ್ರಕ್ಕೆ ದೋಷಗಳನ್ನು ಕಲಿಸುವುದಕ್ಕಾಗಿ ದುಡಿದರು. ಮಾರ್ಕ್ ಜಿಮ್ಮರ್ ಮತ್ತು ಟಾಮ್ ಹೆಜಸ್ ಎಂಬಿಬ್ಬರು ೧೯೯೧ರಲ್ಲಿ 'ಪೇಂಟರ್' ಎಂಬ ತಂತ್ರಾಂಶವನ್ನು ತಂದು, ಕಾಗದದ ತರಿಯನ್ನು ಪರದೆಯ ಮೇಲೆ ಮೂಡಿಸಿದರು. ಅದನ್ನು ಬಣ್ಣದ ಡಬ್ಬಿಯಲ್ಲಿಯೇ ಇಟ್ಟು ಮಾರಿದರೆಂಬುದು ಸ್ವಾರಸ್ಯದ ವಿಷಯ. ೧೯೯೭ರಲ್ಲಿ ಕ್ಯಾಸಿಡಿ ಕರ್ಟಿಸ್ ಮತ್ತು ಜೊತೆಗಾರರು ಜಲವರ್ಣವನ್ನು ಮೂರು ಸ್ತರಗಳಾಗಿ ಬಿಡಿಸಿ ಲೆಕ್ಕ ಹಾಕಿದರು: ಕಾಗದದ ಮೇಲೆ ನಿಂತ ನೀರು, ಕಾಗದಕ್ಕೆ ಅಂಟಿದ ಬಣ್ಣದ ಕಣ, ಕಾಗದದ ಒಳಗೆ ಹೀರಿಕೊಂಡ ತೇವ. ಚಿತ್ರಕಾರರು ಕಲೆಯೆಂದು ಬೈದುಕೊಳ್ಳುತ್ತಿದ್ದ ಅಂಚಿನ ಕಪ್ಪು, ಹಿಮ್ಮರಳುವ ನೀರಿನ ಗುರುತು, ಕಣಕಣವಾಗಿ ನಿಲ್ಲುವ ಬಣ್ಣ—ಇವನ್ನೆಲ್ಲ ಅವರು ಶ್ರಮಪಟ್ಟು ಯಂತ್ರದೊಳಕ್ಕೆ ತಂದರು.

ಕಾಗದದ ಮೊಂಡುತನ, ನೀರಿನ ಸ್ವೇಚ್ಛೆ, ಬಣ್ಣದ ಹಟ—ಇವು ಚಿತ್ರಕ್ಕೆ ಅಡ್ಡಿಯೆಂದು ಹೊರಗಿನವರು ತಿಳಿಯುತ್ತಾರೆ. ಚಿತ್ರ ಹುಟ್ಟುವುದೇ ಅವುಗಳೊಡನೆ ಗುದ್ದಾಡುವುದರಿಂದ ಎಂಬುದನ್ನು ಆ ಗಣಿತಜ್ಞರು ಬಲ್ಲವರಾಗಿದ್ದರು. ಆದುದರಿಂದ ಹೊಸದಾಗಿ ಕಲಿಯುವವನು ಅವರು ಕಷ್ಟಪಟ್ಟು ತಂದಿಟ್ಟ ಅಡ್ಡಿಗಳನ್ನು ಒಂದೊಂದಾಗಿ ಕಿತ್ತುಹಾಕಿ ಸುಖವನ್ನು ಅರಸಿದರೆ, ಅವನ ಕೈಯಲ್ಲಿ ಉಳಿಯುವುದು ಬಲು ದುಬಾರಿಯಾದ ಒಂದು ಸ್ಲೇಟು. ಜಲವರ್ಣದಲ್ಲಿ ಬಿಳಿಯೆಂದರೆ ಬಣ್ಣ ತಾಗದ ಕಾಗದ. ಬೆಳಕು ಎಲ್ಲಿ ಬೀಳಬೇಕೆಂಬುದನ್ನು ಮೊದಲೇ ಯೋಚಿಸಿ ಆ ಜಾಗವನ್ನು ಬಿಟ್ಟಿರಬೇಕು. ಪರದೆಯ ಮೇಲೆ ಬಿಳಿಯನ್ನು ಯಾವಾಗ ಬೇಕಾದರೂ ಬಳಿಯಬಹುದು. ಬಳಿಯದೆ ಇರುವುದನ್ನು ಮೇಷ್ಟರು ವ್ರತದಂತೆ ಪಾಲಿಸಿದರು.

ಆ ವ್ರತದ ಫಲವಾಗಿ ಮೂರು ತಿಂಗಳಲ್ಲಿ ಒಂದು ಚಿತ್ರ ಮುಗಿಯಿತು: ಬೆಳಗಿನ ಮಂಜಿನಲ್ಲಿ ಮೈಸೂರಿನ ಕುಕ್ಕರಹಳ್ಳಿ ಕೆರೆ. ಮೊಮ್ಮಗಳು ಅದನ್ನು ವಾಟ್ಸ್ಆ್ಯಪಿನಲ್ಲಿ ಬಂಧುಗಳಿಗೆಲ್ಲ ಕಳುಹಿಸಿದಳು. ಹೊರದೇಶದಲ್ಲಿದ್ದ ಮಗನಿಂದ ಉತ್ತರ ಬಂತು: "ತುಂಬ ಚೆನ್ನಾಗಿದೆ ಅಪ್ಪ. ಯಾವ ಎ.ಐ. ಮಾಡಿಕೊಟ್ಟಿತು?"

ಮಗನ ಮಾತಿನಲ್ಲಿ ಕುಹಕವಿರಲಿಲ್ಲ. ೨೦೨೨ರಿಂದ ಈಚೆಗೆ, ನಾಲ್ಕು ಮಾತು ಬರೆದುಕೊಟ್ಟರೆ ಚಿತ್ರವನ್ನೇ ತಯಾರಿಸಿಕೊಡುವ ಯಂತ್ರಗಳು ಮನೆಮಾತಾಗಿವೆ. ಪರದೆಯ ಮೇಲೆ ಕಂಡ ಚಿತ್ರವೆಲ್ಲ ಅವುಗಳದೇ ಎಂದು ಜನ ಭಾವಿಸುವುದು ಸಹಜ. ಆದರೆ ಮೇಷ್ಟರು ಆ ರಾತ್ರಿ ಊಟ ಮಾಡಲಿಲ್ಲ. ಕಲೆ ಕೈಬಿಟ್ಟಿತೆಂದು ನಾಲ್ಕು ವರ್ಷ ಕೊರಗಿ, ಮತ್ತೆ ಹಿಡಿದು ತಂದದ್ದನ್ನು ಸ್ವಂತ ಮಗನೇ ಯಂತ್ರದ್ದೆಂದನಲ್ಲ! ವಿವರಿಸಿ ಹೇಳೆಂದು ಮಗಳು ಎಷ್ಟು ಒತ್ತಾಯಿಸಿದರೂ, "ನಾನು ಬರೆದೆನೆಂದು ನಾನೇ ಸಾಕ್ಷಿ ಹೇಳಬೇಕೇನಮ್ಮ?" ಎಂದು ಸುಮ್ಮನಾದರು.

ಚಿತ್ರ ಬೆಳೆದ ಕ್ರಮವನ್ನೆಲ್ಲ ಚಲನಚಿತ್ರವಾಗಿ ಕಾಪಿಡುವ ಸೌಕರ್ಯ ಇಂಥ ತಂತ್ರಾಂಶಗಳಲ್ಲಿ ಉಂಟು. ಮೊಮ್ಮಗಳು ತಾತನಿಗೆ ತಿಳಿಸದೆಯೇ ಅದನ್ನು ತೆರೆದಿಟ್ಟಿದ್ದಳು. ಮೂರು ತಿಂಗಳ ದುಡಿಮೆ ಮೂರು ನಿಮಿಷದಲ್ಲಿ ಓಡಿತು: ಖಾಲಿ ಕಾಗದ, ಅದುರುವ ಪೆನ್ಸಿಲ್ ಗೆರೆಗಳು, ಎರಡು ಸಲ ಕೆಟ್ಟ ಮಂಜು, ಕೊನೆಯಲ್ಲಿ ನೀರಿನ ಮೇಲೆ ಒಂದೊಂದಾಗಿ ನಡುಗುತ್ತ ಮೂಡಿದ ಅಲೆಗಳು. ಅದನ್ನು ಆಕೆ ಮಾವನಿಗೆ ಕಳುಹಿಸಿದಳು. ಅರ್ಧ ಗಂಟೆಯೊಳಗೆ ಫೋನು ಬಂತು. ತಂದೆ ಮಗ ಏನು ಮಾತಾಡಿಕೊಂಡರೆಂಬುದು ಅವರಿಬ್ಬರಿಗೆ ಸೇರಿದ ವಿಷಯ. ಮರುದಿನ ಬೆಳಿಗ್ಗೆ ಮೇಷ್ಟರು ಎಂದಿಗಿಂತ ಮೊದಲೇ ಎದ್ದು ಹಲಗೆಯ ಮುಂದೆ ಕುಳಿತಿದ್ದರೆಂಬುದನ್ನು ಮಾತ್ರ ಮನೆಯವರೆಲ್ಲ ಬಲ್ಲರು.

ಮುಪ್ಪಿನಲ್ಲಿ ಈ ದಾರಿ ಹಿಡಿದವರಲ್ಲಿ ಈ ಮೇಷ್ಟರು ಒಬ್ಬರೇ ಅಲ್ಲ. ಇಂಗ್ಲೆಂಡಿನ ಪ್ರಖ್ಯಾತ ಚಿತ್ರಕಾರ ಡೇವಿಡ್ ಹಾಕ್ನಿ ಎಪ್ಪತ್ತು ದಾಟಿದ ಮೇಲೆ ಐಪ್ಯಾಡಿನ ಗಾಜಿನ ಮೇಲೆ ಬೆರಳೂ ಲೇಖನಿಯೂ ಆಡಿಸಲು ಕಲಿತರು; ಯಾರ್ಕ್‌ಷೈರಿನ ೨೦೧೧ರ ವಸಂತಾಗಮನವನ್ನು ಅದರಲ್ಲಿಯೇ ಬರೆದು, ದೊಡ್ಡದಾಗಿ ಅಚ್ಚು ಹಾಕಿಸಿ, ೨೦೧೨ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶಿಸಿದರು. ಅಮೆರಿಕದ ಹ್ಯಾಲ್ ಲಾಸ್ಕೊ ಅಕ್ಷರ ವಿನ್ಯಾಸದ ಕೆಲಸದಿಂದ ನಿವೃತ್ತರಾದವರು. ಕಣ್ಣಿನ ನಡುಭಾಗದ ದೃಷ್ಟಿ ನಶಿಸುತ್ತ ಬಂದಾಗ, ಮೈಕ್ರೋಸಾಫ್ಟಿನ ಸರಳವಾದ 'ಪೇಂಟ್' ತಂತ್ರಾಂಶದಲ್ಲಿ ಚುಕ್ಕೆಗಳನ್ನು ದೊಡ್ಡದು ಮಾಡಿಕೊಂಡು, ಒಂದೊಂದಾಗಿ ತುಂಬುತ್ತ ಚಿತ್ರ ಬರೆದರು. ೨೦೧೪ರಲ್ಲಿ ತೀರಿಕೊಂಡಾಗ ಅವರ ವಯಸ್ಸು ತೊಂಬತ್ತು ಮೀರಿತ್ತು.

ಅಟ್ಟದ ಮೇಲಿನ ಪೆಟ್ಟಿಗೆಯನ್ನು ನೆನೆದು ಮರುಗುವವರು ಪ್ರತಿ ಮನೆಯಲ್ಲೂ ಇದ್ದಾರೆ. ಅವರಿಗೆ ಬೇಕಾದ ಸಾಮಗ್ರಿ ಹೆಚ್ಚಿನದೇನೂ ಅಲ್ಲ: ಮನೆಯಲ್ಲಿರುವ ಕಂಪ್ಯೂಟರು, ಕೆಲವು ಸಾವಿರ ರೂಪಾಯಿಯ ಸಣ್ಣ ಹಲಗೆ, ಕಾಸಿಲ್ಲದೆ ಸಿಗುವ ಒಂದು ತಂತ್ರಾಂಶ. ಮೂರು ಕುಂಚ, ಎರಡು ಪದರ, ಮೂರು ಹೆಜ್ಜೆಯ ಕ್ಷಮೆ—ಇಷ್ಟರಿಂದ ಆರಂಭಿಸಬಹುದು. ಕನ್ನಡದಲ್ಲಿ ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡನ್ನೂ ತಿದ್ದಿ ತಿದ್ದಿಯೇ ಕಲಿಯಬೇಕು. ಹಾಡುತ್ತ ಹಾಡುತ್ತ ರಾಗವೆಂದು ಹಿರಿಯರು ಹೇಳಿದ್ದು ಗಾಜಿನ ಕಾಗದಕ್ಕೂ ಸಲ್ಲುತ್ತದೆ.